ಗ್ರೀಕರ ಗೇರ್ ಪೆಟ್ಟಿಗೆ, ನಮ್ಮ ಬೈಕಿನ ಸ್ಪ್ರಾಕೆಟ್: ಎರಡೂ ಒಂದೇ ಲೆಕ್ಕವಾ?

ಬೈಕಂಪಾಡಿ ಹುಡುಗ:

ಎಲ್ಲರಿಗೂ ನಮಸ್ಕಾರ. ಮನೆ ಸುರತ್ಕಲ್, ಕೆಲಸ ಬೈಕಂಪಾಡಿ. ನನ್ನದು ಎರಡು ಪ್ರಶ್ನೆ, ಆದರೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ.

ನನ್ನ ಬೈಕಿನ ಚೈನ್ ಕೂರುವ ಹಲ್ಲಿನ ಚಕ್ರಗಳಲ್ಲಿ, ಅಂದರೆ ಸ್ಪ್ರಾಕೆಟ್‌ಗಳಲ್ಲಿ, ಮುಂದಿನದು 15 ಹಲ್ಲು, ಹಿಂದಿನದು 45. ಬೈಕ್ ಯಾವುದು ಅಂತ ಬೇಕೆಂದೇ ಹೇಳುವುದಿಲ್ಲ. ಹೇಳಿದರೆ ಚರ್ಚೆ ಪೂರ್ತಿ ಕಂಪನಿ ಜಗಳಕ್ಕೆ ಹೋಗುತ್ತದೆ. ದಿನದ ಓಡಾಟ ಹೈವೇಯಲ್ಲಿ. ಭಾನುವಾರ ಸಿಕ್ಕಿದರೆ ಸೋಮೇಶ್ವರದಿಂದ ಆಗುಂಬೆ ಹತ್ತುವ ಚಟ ಉಂಟು. 14 ಹೇರ್‌ಪಿನ್ ತಿರುವುಗಳಲ್ಲಿ ಎರಡನೇ ಗೇರ್ ಹಾಕಿದರೆ ಇಂಜಿನ್ ಸೋಲುತ್ತದೆ, ಒಂದನೆಯದು ಹಾಕಿದರೆ ಸುಮ್ನೆ ಕಿರುಚುತ್ತದೆ. ಮುಂದೆ 14 ಹಲ್ಲಿನದು ಹಾಕು, ಸರಿಯಾಗುತ್ತದೆ ಅಂತ ಗೆಳೆಯರು ಹೇಳುತ್ತಾರೆ.

ಈ ಮಾತು ನಡೆಯುವಾಗ ಡಿಪ್ಲೊಮಾದಲ್ಲಿ ಜೊತೆಗಿದ್ದ ಒಬ್ಬ ಮೊಬೈಲ್ ತೆಗೆದು ಹಸಿರು ಬಣ್ಣದ ಒಂದು ಮುದ್ದೆಯ ಫೋಟೋ ತೋರಿಸಿದ. ಆಂಟಿಕಿಥೆರಾ ಯಂತ್ರವಂತೆ, ಸೂರ್ಯ ಚಂದ್ರರ ಲೆಕ್ಕ ತೋರಿಸುವ ಹಳೆ ಗ್ರೀಕ್ ಗೇರ್ ಪೆಟ್ಟಿಗೆ. "ನೀವು ಟ್ಯೂನಿಂಗ್ ಟ್ಯೂನಿಂಗ್ ಅಂತ ಕುಣಿಯುವುದನ್ನೆಲ್ಲ ಗ್ರೀಕರು ಎರಡು ಸಾವಿರ ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದಾರೆ. ಅದೂ ಗೇರ್ ರೇಶಿಯೋ, ಇದೂ ಗೇರ್ ರೇಶಿಯೋ" ಅಂತ ಅವನ ವಾದ. ನಮ್ಮಲ್ಲಿ ಯಾರಿಗೂ ಉತ್ತರ ಕೊಡಲು ಆಗಲಿಲ್ಲ.

ನಿಜವಾಗಿ ಎರಡೂ ಒಂದೇನಾ? ಮತ್ತೆ, ಮುಂದೆ 14 ಹಾಕುವುದಾ, ಅಥವಾ ಹಿಂದಿನದನ್ನು ದೊಡ್ಡದು ಮಾಡುವುದಾ?

ಉಡುಪಿ ಲೇತ್:

ತಮ್ಮ, ನಿನ್ನ ಗೆಳೆಯ ಹೇಳಿದ್ದು ಅರ್ಧ ಸರಿ. ಯಾವ ಅರ್ಧ ಅಂತ ಹೇಳುತ್ತೇನೆ. ಉದ್ದ ಆಗುತ್ತದೆ, ಚಾ ಇಟ್ಟುಕೊಂಡು ಓದು.

ನನ್ನದೊಂದು ಸಣ್ಣ ಮೆಷಿನ್ ಶಾಪ್. ಲೇತ್ ಒಂದು, ಮಿಲ್ಲಿಂಗ್ ಮೆಷಿನ್ ಒಂದು. ಮಲ್ಪೆ ಬೋಟಿನವರ ಕೆಲಸವೇ ಜಾಸ್ತಿ. ಪ್ರೊಪೆಲ್ಲರ್ ಶಾಫ್ಟ್, ಗನ್‌ಮೆಟಲ್ ಬುಷ್, ಬಲೆ ಎಳೆಯುವ ವಿಂಚಿನ ಗೇರ್, ಇಂಥದ್ದು. ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ರಜೆ ಆದಾಗ ಎಲ್ಲರೂ ಒಟ್ಟಿಗೆ ಬಂದು ಬೀಳುತ್ತಾರೆ. ಉಪ್ಪುನೀರಿನಲ್ಲಿ ಕೂತ ಕಂಚು ಹೇಗಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಆ ಮುದ್ದೆಯ ಫೋಟೋದಲ್ಲಿ ನನಗೆ ಮೊದಲು ಕಂಡದ್ದು ಕಿಲುಬು, ಆಮೇಲೆ ಹಲ್ಲು.

1900ರಲ್ಲಿ ಸ್ಪಂಜು ತೆಗೆಯುವ ಗ್ರೀಕ್ ಮುಳುಗುಗಾರರಿಗೆ ಆಂಟಿಕಿಥೆರಾ ದ್ವೀಪದ ಹತ್ತಿರ ಮುಳುಗಿದ ಹಡಗೊಂದು ಸಿಕ್ಕಿತು. 1901ರಲ್ಲಿ ಪ್ರತಿಮೆಗಳ ಜೊತೆ ಈ ಮುದ್ದೆಯೂ ಮೇಲೆ ಬಂತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1902ರಲ್ಲಿ ವಲೇರಿಯೋಸ್ ಸ್ಟಾಯಿಸ್ ಎಂಬ ಪುರಾತತ್ವದವರು ಅದರಲ್ಲಿ ಗೇರ್ ಚಕ್ರ ಇರುವುದನ್ನು ಗಮನಿಸಿದರು. ಈಗ ಅದು 82 ಚೂರುಗಳಾಗಿ ಅಥೆನ್ಸಿನ ಮ್ಯೂಸಿಯಮ್ಮಿನಲ್ಲಿ ಉಂಟು. 30 ಗೇರ್ ಉಳಿದಿವೆ. ಒಳಗೆ ಏನಿದೆ ಅಂತ ನೋಡಲು 2005ರಲ್ಲಿ 8 ಟನ್ ತೂಕದ ಎಕ್ಸ್‌ರೇ ಸ್ಕ್ಯಾನರನ್ನೇ ಮ್ಯೂಸಿಯಮ್ಮಿಗೆ ಹೊತ್ತು ತಂದರು. ಚೂರುಗಳನ್ನು ಹೊರಗೆ ಸಾಗಿಸುವುದಕ್ಕಿಂತ ಅದೇ ವಾಸಿ ಅಂತ.

ಪೆಟ್ಟಿಗೆಯ ಬದಿಯಿಂದ ಕೈಯಲ್ಲಿ ತಿರುಗಿಸಿದರೆ ಮುಖದ ಮೇಲೆ ಸೂರ್ಯ, ಚಂದ್ರರ ಮುಳ್ಳುಗಳು ತಿರುಗುತ್ತವೆ. ಹಿಂದೆ ಗ್ರಹಣದ ಲೆಕ್ಕ. ಇಷ್ಟು ಯಾವ ಯೂಟ್ಯೂಬ್ ವಿಡಿಯೋದಲ್ಲೂ ಸಿಗುತ್ತದೆ. ನನಗೆ ರುಚಿ ಹತ್ತಿದ್ದು ಹಲ್ಲಿನ ಲೆಕ್ಕದಲ್ಲಿ.

ವರ್ಷಕ್ಕೆ ಒಂದು ಸುತ್ತು ತಿರುಗುವ ದೊಡ್ಡ ಚಕ್ರದಿಂದ ಚಂದ್ರನ ಮುಳ್ಳಿನ ಕಡೆಗೆ ಹೋಗುವ ಗೇರ್‌ಗಳನ್ನು ನಾವು ಲೇತಿನ ಚೇಂಜ್ ಗೇರ್ (ಕೆಲಸಕ್ಕೆ ತಕ್ಕಂತೆ ಬದಲಿಸಿ ಹಾಕುವ ಗೇರ್) ಬರೆಯುವ ಹಾಗೆ, ತಿರುಗಿಸುವುದು ಮೇಲೆ, ತಿರುಗುವುದು ಕೆಳಗೆ ಅಂತ ಬರೆದರೆ ಹೀಗೆ ಬರುತ್ತದೆ:

64/38 × 48/24 × 127/32

ಕಾಗದದಲ್ಲಿ ಚಿಕ್ಕದು ಮಾಡಿ ನೋಡು. 254/19 ಉಳಿಯುತ್ತದೆ. ಗ್ರೀಕರ ಲೆಕ್ಕದಲ್ಲಿ 19 ವರ್ಷಕ್ಕೆ ಚಂದ್ರ ನಕ್ಷತ್ರಗಳ ಎದುರು 254 ಸುತ್ತು ಬರುತ್ತಾನೆ. ಅಷ್ಟೇ. ದಶಾಂಶವಿಲ್ಲ, "ಸುಮಾರು" ಇಲ್ಲ. ಆ ಭಿನ್ನರಾಶಿಯನ್ನು ಹಾಗೇ ಕಂಚಿನಲ್ಲಿ ಕಡಿದು ಇಟ್ಟಿದ್ದಾರೆ.

254 ಅಂದರೆ 2 × 127. 127ನ್ನು ಯಾವುದರಿಂದಲೂ ಭಾಗಿಸಲು ಆಗುವುದಿಲ್ಲ. ಅಂದರೆ 254/19 ಸರಿಯಾಗಿ ಬೇಕಾದರೆ 127 ಹಲ್ಲಿನ ಗೇರ್ ಕಡಿಯಲೇಬೇಕು, ಇಲ್ಲವೇ ಅದರ ದುಪ್ಪಟ್ಟಿನದು. ಬೇರೆ ದಾರಿಯೇ ಇಲ್ಲ. ಕೆಳಗಿನ 38 ನೋಡು, ಅದು 2 × 19. ಅಲ್ಲೂ ಅದೇ ಕಥೆ.

ಲೇತ್ ಕೆಲಸ ಗೊತ್ತಿದ್ದವರು 127 ಅಂದ ಕೂಡಲೇ ತಲೆ ಎತ್ತುತ್ತಾರೆ. ಯಾಕೆಂದರೆ ಅದು ನಮ್ಮ ಕಪಾಟಿನಲ್ಲೇ ಉಂಟು! ಇಂಚು ಲೆಕ್ಕದ ಲೀಡ್ ಸ್ಕ್ರೂ (ಕಡಿಯುವ ಉಳಿಯನ್ನು ಸಾಗಿಸುವ ಉದ್ದ ತಿರುಪು) ಇರುವ ಹಳೆ ಲೇತಿನಲ್ಲಿ ಮಿಲಿಮೀಟರ್ ಥ್ರೆಡ್ ಹಾಕಬೇಕಾದರೆ 127 ಹಲ್ಲಿನ ಚೇಂಜ್ ಗೇರ್ ಬೇಕು. ಒಂದು ಇಂಚಿಗೆ 25.4 ಮಿಲಿಮೀಟರ್, ಅಂದರೆ 127/5. ಅಲ್ಲಿ ಚಂದ್ರನ 254, ಇಲ್ಲಿ ಇಂಚಿನ 25.4. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಬರೀ ಕಾಕತಾಳೀಯ. ಇಂಚು ಅಂದರೆ ಇಷ್ಟೇ ಅಂತ ಅಮೆರಿಕ, ಬ್ರಿಟನ್ ಮುಂತಾದ ದೇಶಗಳು ಸೇರಿ ಒಪ್ಪಿಕೊಂಡದ್ದೇ 1959ರಲ್ಲಿ. ಆದರೂ ಆ ಗೇರ್ ಕೈಯಲ್ಲಿ ಹಿಡಿದಾಗ ನನಗೆ ಒಳ್ಳೆ ಮಜಾ ಅನಿಸುತ್ತದೆ.

ಈಗ ಕಡಿಯುವ ಕಷ್ಟ. ಸುತ್ತನ್ನು ಸಮ ಪಾಲು ಮಾಡುವ ನನ್ನ ಡಿವೈಡಿಂಗ್ ಹೆಡ್‌ನಲ್ಲಿ ಹಿಡಿ 40 ಸುತ್ತು ತಿರುಗಿದರೆ ಕೆಲಸದ ತುಂಡು ಒಂದು ಸುತ್ತು. 48 ಹಲ್ಲು, 64 ಹಲ್ಲು ಎಲ್ಲ ಇಂಡೆಕ್ಸ್ ಪ್ಲೇಟಿನ ತೂತು ಎಣಿಸಿ ಕಣ್ಣು ಮುಚ್ಚಿ ಮಾಡಬಹುದು. 127ಕ್ಕೆ ಯಾವ ಪ್ಲೇಟಿನಲ್ಲೂ ತೂತು ಇಲ್ಲ. ಹೆಡ್‌ಗೆ ಪಕ್ಕದಲ್ಲಿ ಬೇರೆ ಗೇರ್‌ಗಳನ್ನು ಜೋಡಿಸಿ, ಪ್ಲೇಟೂ ಸ್ವಲ್ಪ ಸ್ವಲ್ಪ ತಿರುಗುವ ಹಾಗೆ ಮಾಡಿ, ಡಿಫರೆನ್ಶಿಯಲ್ ಇಂಡೆಕ್ಸಿಂಗ್ ಮಾಡಬೇಕು. ಗೇರ್ ಕಡಿಯಲು ಗೇರ್ ಬೇಕು. ಆ ಯಂತ್ರ ಮಾಡಿದ ಮನುಷ್ಯ ಅದನ್ನು ಒಂದೆರಡು ಮಿಲಿಮೀಟರ್ ದಪ್ಪದ ಕಂಚಿನ ತಗಡಿನಲ್ಲಿ ಕೈಯಿಂದಲೇ ಮಾಡಿದ್ದಾನೆ. ಹಲ್ಲುಗಳೆಲ್ಲ ಮೂರು ಮೂಲೆಯವು. ಅರ ಹಾಕಿ ಉಜ್ಜಿದರೆ ಬರುವ ಆಕಾರ ಅದೇ ಅಲ್ವಾ?

ಹಲ್ಲುಗಳ ನಡುವಿನ ಅಂತರ ಒಂದೇ ಸಮ ಇಲ್ಲ. ಇರಬೇಕಾಗಿಯೂ ಇಲ್ಲ. ಒಂದು ಹಲ್ಲು ಕೂದಲೆಳೆಯಷ್ಟು ಆಚೆ ಈಚೆ ಆದರೆ ಮುಳ್ಳು ಅಲ್ಲಿ ಸ್ವಲ್ಪ ಮುಂದೆ ಓಡಿ, ಮತ್ತೆ ಹಿಂದೆ ಬಿದ್ದು, ಸುತ್ತು ಮುಗಿಯುವಾಗ ಸರಿಹೋಗುತ್ತದೆ. ಆದರೆ 127ರ ಬದಲು 126 ಕಡಿದಿದ್ದರೆ? ಆ ತಪ್ಪು ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. 19 ವರ್ಷ ಆಗುವಾಗ ಚಂದ್ರ ಎರಡು ಸುತ್ತು ಹಿಂದೆ. ಆ ಯಂತ್ರದ ಪ್ರಾಣ ಇರುವುದು ಹಲ್ಲಿನ ಎಣಿಕೆಯಲ್ಲಿ, ಫಿನಿಶಿಂಗ್‌ನಲ್ಲಿ ಅಲ್ಲ.

ಬೈಕಿನಲ್ಲಿ ಇದು ಪೂರ್ತಿ ಉಲ್ಟಾ. ನಿನ್ನ 45/15 ಅಂದರೆ 3.00, ಹಿಂದಿನ ಚಕ್ರದ ಒಂದು ಸುತ್ತಿಗೆ ಮುಂದಿನ ಸ್ಪ್ರಾಕೆಟ್ ಮೂರು ಸುತ್ತು. ಈ 3ಕ್ಕೆ ಆಕಾಶದಲ್ಲೂ ಭೂಮಿಯಲ್ಲೂ ಯಾವ ಸಾಕ್ಷಿಯೂ ಇಲ್ಲ. ಹೈವೇಯಲ್ಲಿ ಹೋಗುವವನಿಗೆ, ಘಾಟಿ ಹತ್ತುವವನಿಗೆ, ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಳ್ಳುವವನಿಗೆ ಎಲ್ಲರಿಗೂ ಅಷ್ಟಷ್ಟು ಆಗಲಿ ಅಂತ ಕಂಪನಿ ಮಾಡಿದ ರಾಜಿ ಅದು. 3.2 ಮಾಡಿದರೆ ತಪ್ಪಲ್ಲ, 2.9 ಮಾಡಿದರೂ ತಪ್ಪಲ್ಲ. ಆದರೆ ಬೈಕಿನ ಹಲ್ಲು ಶಕ್ತಿ ಹೊರಬೇಕು. ಗೇರ್‌ಬಾಕ್ಸ್ ಒಳಗೆ ಹಲ್ಲಿನ ಬದಿ ಇನ್‌ವಾಲ್ಯೂಟ್ ಎಂಬ ಬಾಗಿದ ಆಕಾರ. ಒಂದು ಹಲ್ಲು ಬಿಟ್ಟು ಇನ್ನೊಂದು ಹಿಡಿಯುವಾಗ ವೇಗ ಏರುಪೇರು ಆಗಬಾರದು ಅಂತ ಆ ಆಕಾರ. ಮೇಲ್ಮೈಯನ್ನು ಹಾರ್ಡನ್ ಮಾಡಿದ ಉಕ್ಕು. ಗ್ರೀಕರ ಮೂರು ಮೂಲೆಯ ಕಂಚಿನ ಹಲ್ಲನ್ನು ಅಲ್ಲಿ ಹಾಕಿ ಥ್ರಾಟಲ್ ತಿರುಗಿಸಿದರೆ ಆಗುಂಬೆ ಬಿಡು, ಸುರತ್ಕಲ್ ಜಂಕ್ಷನ್ನೂ ದಾಟುವುದಿಲ್ಲ.

ಅಂದರೆ ಆ ಪೆಟ್ಟಿಗೆಯ ಗೇರ್ ಸಂಖ್ಯೆಯನ್ನು ಸಾಗಿಸುತ್ತದೆ, ಬೈಕಿನ ಗೇರ್ ಬಲವನ್ನು ಸಾಗಿಸುತ್ತದೆ. ಬೈಕಿನಲ್ಲಿ ಅದರ ನೆಂಟ ಬೇಕಿದ್ದರೆ ಸ್ಪ್ರಾಕೆಟ್ ಹತ್ತಿರ ಹುಡುಕಬೇಡ. ಹಳೆ ಬೈಕಿನ ಓಡೋಮೀಟರ್ ಬಿಚ್ಚು. ಮುಂದಿನ ಚಕ್ರದ ಹಬ್‌ನಲ್ಲಿ ಒಂದು ವರ್ಮ್ ಗೇರ್, ಅಲ್ಲಿಂದ ಕೇಬಲ್, ಮೀಟರ್ ಒಳಗೆ ಇನ್ನಷ್ಟು ಗೇರ್, ಆಮೇಲೆ ಹತ್ತಕ್ಕೆ ಒಂದರಂತೆ ಮುಂದೂಡುವ ಅಂಕಿಯ ಚಕ್ರಗಳು. ಅದಕ್ಕೆ ಬಲದ ಚಿಂತೆ ಇಲ್ಲ, ಎಣಿಕೆಯದ್ದು ಮಾತ್ರ. ಆಂಟಿಕಿಥೆರಾದ ಖಾಸಾ ಸಂಬಂಧಿ ಅದೇ.

ಈಗ ನಿನ್ನ ಸ್ಪ್ರಾಕೆಟ್. ಮುಂದೆ 14 ಹಾಕಿದರೆ 45/14, ಅಂದರೆ 3.21. ಹಿಂದೆ 48 ಹಾಕಿದರೆ 48/15, ಅಂದರೆ 3.20. ಹೆಚ್ಚು ಕಡಿಮೆ ಒಂದೇ. ಎರಡರಲ್ಲೂ ಎಳೆತ ಸುಮಾರು 7% ಜಾಸ್ತಿ. ಹೈವೇಯಲ್ಲಿ 5,000 ಆರ್‌ಪಿಎಂನಲ್ಲಿ ಹೋಗುತ್ತಿದ್ದ ವೇಗಕ್ಕೆ ಇನ್ನು 5,350 ಬೇಕು. ಪೆಟ್ರೋಲ್, ವೈಬ್ರೇಶನ್ ಎರಡೂ ಸ್ವಲ್ಪ ಏರುತ್ತವೆ. ನೀನು ದಿನಾ ಹೈವೇಯಲ್ಲಿ, ವಾರಕ್ಕೊಮ್ಮೆ ಘಾಟಿಯಲ್ಲಿ. ಲೆಕ್ಕ ನೀನೇ ಹಾಕು.

14 ಅಗ್ಗ, ಬೇಗ ಬದಲಿಸಬಹುದು, ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೂ ನನಗೆ 48ರ ಮೇಲೆ ಒಲವು. ಚೈನ್ ಚಿಕ್ಕ ಸ್ಪ್ರಾಕೆಟ್ ಮೇಲೆ ಜಾಸ್ತಿ ಬಗ್ಗಬೇಕು, ಬೇಗ ಸವೆಯುತ್ತದೆ. ಇನ್ನೊಂದು ಸಣ್ಣ ವಿಷಯ ಹೆಚ್ಚಿನವರು ನೋಡುವುದಿಲ್ಲ. ಚೈನಿನಲ್ಲಿ ಒಳಗಿನ ಲಿಂಕ್, ಹೊರಗಿನ ಲಿಂಕ್ ಒಂದು ಬಿಟ್ಟು ಒಂದು ಬರುತ್ತವೆ. ಹಾಗಾಗಿ ಒಟ್ಟು ಲಿಂಕ್ ಯಾವಾಗಲೂ ಸಮ ಸಂಖ್ಯೆ. ಮುಂದಿನ ಸ್ಪ್ರಾಕೆಟ್ 14 ಆದರೆ ಒಂದು ಹಲ್ಲಿಗೆ ಜೀವಮಾನವಿಡೀ ಒಳಗಿನ ಲಿಂಕೇ ಸಿಗುತ್ತದೆ, ಪಕ್ಕದ ಹಲ್ಲಿಗೆ ಹೊರಗಿನದೇ. 15 ಆದರೆ ಸುತ್ತಿಗೊಮ್ಮೆ ಅದಲು ಬದಲು, ಸವೆತ ಹಂಚಿಹೋಗುತ್ತದೆ. ಕಂಪನಿಯಿಂದಲೇ 14 ಹಾಕಿಕೊಂಡು ಬರುವ ಬೈಕ್ ಬೇಕಾದಷ್ಟು ಇವೆ, ಅವೇನೂ ದಾರಿಯಲ್ಲಿ ನಿಂತಿಲ್ಲ. ಆದರೆ ಕೈಯಲ್ಲಿ 15 ಇರುವಾಗ ಅದನ್ನು ಯಾಕೆ ಬಿಡುವುದು?

ಟೂ ಸ್ಟ್ರೋಕ್ ಕುಡ್ಲ:

ಲೇತ್ ಅಣ್ಣ ಬರೆದದ್ದೆಲ್ಲ ಚಂದ ಉಂಟು, ಆದರೆ ಇದನ್ನು ಟ್ಯೂನಿಂಗ್ ಅಂತ ಕರೆಯುವುದಕ್ಕೆ ನನ್ನ ಆಕ್ಷೇಪ ಉಂಟು. ಸ್ಪ್ರಾಕೆಟ್ ಬದಲಿಸುವುದು ಟ್ಯೂನಿಂಗ್ ಎಂತ ಮಾರಾಯ್ರೆ! ಇಂಜಿನ್ನಿನಿಂದ ಒಂದು ಅಶ್ವಶಕ್ತಿಯೂ ಜಾಸ್ತಿ ಬರುವುದಿಲ್ಲ. ಇದ್ದದ್ದನ್ನು ಬೇರೆ ಥರ ಹಂಚುವುದು, ಅಷ್ಟೇ.

ನನ್ನ ಹತ್ತಿರ ಆರ್‌ಎಕ್ಸ್ 100 ಉಂಟು. 98 ಸಿಸಿ. ಅದು ಬರುವುದು ನಿಂತು ಎಷ್ಟೋ ವರ್ಷ ಆಯಿತು, ರೇಟು ಮಾತ್ರ ಇಳಿಯುವುದಿಲ್ಲ. ನಿಜವಾದ ಟ್ಯೂನಿಂಗ್ ಅದರ ಸೈಲೆನ್ಸರಿನಲ್ಲಿ ನೋಡಬೇಕು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಗೆ ಹೊರಗೆ ಹೋಗುವಾಗ ಒತ್ತಡದ ಒಂದು ಅಲೆ ಹೊರಡುತ್ತದೆ. ಪೈಪಿನ ಅಗಲವಾಗುವ ಭಾಗ ಅದರಿಂದ ಎಳೆತ ಹುಟ್ಟಿಸುತ್ತದೆ, ಕಿರಿದಾಗುವ ಭಾಗ ಅದನ್ನು ವಾಪಸ್ ಕಳಿಸುತ್ತದೆ. ಆ ಅಲೆ ಪೋರ್ಟ್, ಅಂದರೆ ಸಿಲಿಂಡರಿನಿಂದ ಹೊಗೆ ಹೋಗುವ ಕಿಂಡಿ, ಮುಚ್ಚುವ ಸ್ವಲ್ಪ ಮೊದಲು ಬಂದು ಹೊಡೆದರೆ, ಹೊರಗೆ ಓಡುತ್ತಿದ್ದ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಪೈಪಿನ ಉದ್ದ ಸ್ವಲ್ಪ ಹೆಚ್ಚು ಕಡಿಮೆ ಆದರೆ ಅಲೆ ತಪ್ಪು ಹೊತ್ತಿಗೆ ಬರುತ್ತದೆ, ಪವರ್ ಬರುವ ಆರ್‌ಪಿಎಂ ಜಾಗ ಬದಲಿಸುತ್ತದೆ.

ಈ ವಿದ್ಯೆಯನ್ನು 1950ರ ದಶಕದಲ್ಲಿ ಹದಕ್ಕೆ ತಂದದ್ದು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್. 1961ರಲ್ಲಿ ಅವನ ರೈಡರ್ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ಹಾಗೇ ಪಶ್ಚಿಮಕ್ಕೆ ತಪ್ಪಿಸಿಕೊಂಡು, ಗುಟ್ಟನ್ನೆಲ್ಲ ತಲೆಯಲ್ಲಿಟ್ಟುಕೊಂಡು ಸುಜುಕಿಗೆ ಸೇರಿದ. ಮರುವರ್ಷವೇ 50 ಸಿಸಿಯಲ್ಲಿ ಸುಜುಕಿಗೆ ವಿಶ್ವ ಚಾಂಪಿಯನ್‌ಷಿಪ್. ಇಲ್ಲಿ ಹಲ್ಲೂ ಇಲ್ಲ, ಗೇರೂ ಇಲ್ಲ. ಗ್ರೀಕರಿಗೂ ಇದಕ್ಕೂ ಏನು ಸಂಬಂಧ?

ಕಾರ್ಬೊರೇಟರೂ ಹಾಗೆಯೇ. ಪಣಂಬೂರು ಬೀಚಿನ ಎತ್ತರಕ್ಕೆ ಸೆಟ್ ಮಾಡಿದ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಹಿಡಿದುಕೊಂಡು ಮುಳ್ಳಯ್ಯನಗಿರಿ ಹತ್ತಿ ನೋಡಿ. 1,900 ಮೀಟರಿಗಿಂತ ಎತ್ತರದಲ್ಲಿ ಗಾಳಿ ಸುಮಾರು ಆರನೇ ಒಂದು ಭಾಗ ತೆಳು. ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಕಪ್ಪಾಗುತ್ತದೆ, ಗಾಡಿ ಕೆಮ್ಮುತ್ತದೆ. ಊರೂರಿಗೆ ಸೆಟ್ಟಿಂಗ್ ಬೇರೆ. ಆಕಾಶದ ಲೆಕ್ಕ ಹಾಗೆ ಇರುತ್ತದಾ?

ಕಲ್ಯಾಣಪುರ ಗಣಿತ ಟೀಚರ್:

ನನಗೆ ಬೈಕ್ ಗೊತ್ತಿಲ್ಲ, ನಮ್ಮವರ ಸ್ಕೂಟರಿನ ಹಿಂದೆ ಕೂತು ಗೊತ್ತು. ಆದರೆ ಕೊನೆಯ ಪ್ರಶ್ನೆಗೆ ಉತ್ತರ ಹೇಳಬಹುದು. ಆಕಾಶದ ಲೆಕ್ಕವೂ ಊರೂರಿಗೆ ಬೇರೆ ಇರುತ್ತದೆ. ನಮ್ಮ ಉಡುಪಿಯೇ ಸಾಕ್ಷಿ!

ಬೇರೆ ಕಡೆ ಅಷ್ಟಮಿ ಮುಗಿದು ಎಷ್ಟೋ ದಿನದ ಮೇಲೆ ಕೃಷ್ಣ ಮಠದಲ್ಲಿ ಅಷ್ಟಮಿ ಬರುವ ವರ್ಷಗಳು ಇವೆಯಲ್ಲ, ಯಾಕೆ? ಹೆಚ್ಚಿನವರದು ಚಾಂದ್ರಮಾನ, ನಮ್ಮದು ಸೌರಮಾನ. ಸೂರ್ಯ ಸಿಂಹ ರಾಶಿಗೆ ಬರುವವರೆಗೆ ನಾವು ಕಾಯುತ್ತೇವೆ. ತುಳು ತಿಂಗಳುಗಳೂ ಹಾಗೆಯೇ. ಪಗ್ಗು, ಬೇಶ, ಕಾರ್ತೆಲ್, ಆಟಿ, ಎಲ್ಲ ಸೂರ್ಯನ ಲೆಕ್ಕ. ಸೂರ್ಯ ಒಂದು ಹೆಜ್ಜೆಯಲ್ಲಿ ನಡೆಯುತ್ತಾನೆ, ಚಂದ್ರ ಇನ್ನೊಂದರಲ್ಲಿ. 12 ಚಾಂದ್ರ ತಿಂಗಳು ಸೇರಿದರೆ ಸುಮಾರು 354 ದಿನ, ವರ್ಷಕ್ಕೆ 11 ದಿನ ಕಡಿಮೆ. ಅದನ್ನು ತುಂಬಲು ನಡುನಡುವೆ ಅಧಿಕ ಮಾಸ.

ಈಗ ಲೇತ್ ಸರ್ ಕೊಟ್ಟ ಅಂಕಿಗಳನ್ನೇ ತೆಗೆದುಕೊಳ್ಳಿ. 19 ವರ್ಷದಲ್ಲಿ ಚಂದ್ರನದು 254 ಸುತ್ತು, ಸೂರ್ಯನದು 19. ಚಂದ್ರ ಸೂರ್ಯನನ್ನು ಎಷ್ಟು ಸಲ ಹಿಂದೆ ಹಾಕಿದ? 254 − 19 = 235 ಸಲ. ಪ್ರತಿ ಸಲಕ್ಕೂ ಒಂದು ಅಮಾವಾಸ್ಯೆ. ಅಂದರೆ 19 ವರ್ಷಕ್ಕೆ 235 ತಿಂಗಳು. 19 × 12 = 228. ಉಳಿದ 7 ಅಧಿಕ ಮಾಸ. ಆ ಯಂತ್ರದ ಹಿಂದಿನ ಸುರುಳಿಯಲ್ಲಿ ಇರುವುದು ಇದೇ 235 ಮನೆಗಳು. ಮನೆಯಲ್ಲಿ ಹಳೆ ಪಂಚಾಂಗ ಇದ್ದರೆ ತೆಗೆದು ನೋಡಿ. 2004ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2023ರಲ್ಲಿ ಮತ್ತೆ ಅಧಿಕ ಶ್ರಾವಣ. ನಡುವೆ ಸರಿಯಾಗಿ 19 ವರ್ಷ.

ಗ್ರಹಣದ ಗೇರ್ ಇನ್ನೂ ಚಂದ. ಅದರಲ್ಲಿ 223 ಹಲ್ಲು, ಅದೂ ಅವಿಭಾಜ್ಯ ಸಂಖ್ಯೆ. 223 ಚಾಂದ್ರ ತಿಂಗಳು ಕಳೆದರೆ ಅದೇ ಥರದ ಗ್ರಹಣ ಮತ್ತೆ ಬರುತ್ತದೆ. 18 ವರ್ಷ, 11 ದಿನ, 8 ಗಂಟೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣ ಗ್ರಹಣ ಆದದ್ದು ಎಲ್ಲರಿಗೂ ನೆನಪಿರಬಹುದು. ಕಾಸರಗೋಡಿನ ಚೆರುವತ್ತೂರಿಗೆ ಜನ ಜಾತ್ರೆಯ ಹಾಗೆ ಹೋಗಿದ್ದರು. ಅದರ ಮುಂದಿನ ಸರದಿ 2038ರ ಜನವರಿ 5. ಆದರೆ ಆ 8 ಗಂಟೆ ಉಂಟಲ್ಲ, ಅಷ್ಟರಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುತ್ತದೆ. ಹಾಗಾಗಿ ಆ ಕಂಕಣ ಕಾಣುವುದು ಅಟ್ಲಾಂಟಿಕ್, ಆಫ್ರಿಕಾ ಕಡೆ. ನಮಗಿಲ್ಲ. ಗ್ರೀಕರು ಇದಕ್ಕೂ ಒಂದು ಸಣ್ಣ ಮುಳ್ಳು ಇಟ್ಟಿದ್ದರು. ಮೂರು ಸರದಿ, ಅಂದರೆ 54 ವರ್ಷ ಎಣಿಸಿ, ಎಷ್ಟು ಗಂಟೆ ಸೇರಿಸಬೇಕು ಅಂತ ಅದು ತೋರಿಸುತ್ತದೆ. ಕುಡ್ಲದವರೇ, ಸೆಟ್ಟಿಂಗ್ ಅಂದರೆ ಇದೂ ಅಲ್ವಾ?

ಬೈಕಂಪಾಡಿ ಹುಡುಗ:

ಟೀಚರ್, ಇಷ್ಟು ವರ್ಷ ಅಷ್ಟಮಿಗೆ ಉಂಡೆ ಚಕ್ಕುಲಿ ತಿಂದದ್ದೇ ಬಂತು, ಈ ಲೆಕ್ಕ ಯಾರೂ ಹೇಳಿರಲಿಲ್ಲ.

ಲೇತ್ ಅಣ್ಣ, ನಿಮ್ಮ ಮಾತು ಓದಿ ಚೈನ್ ನೋಡಲು ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿದೆ. ಒಂದು ವಿಚಿತ್ರ ಉಂಟು. ಚಕ್ರ ತಿರುಗಿಸುತ್ತಾ ಚೈನ್ ಒತ್ತಿ ನೋಡಿದರೆ ಒಂದು ಕಡೆ ಟೈಟ್, ಇನ್ನೊಂದು ಕಡೆ ಲೂಸ್. ಟೈಟ್ ಜಾಗಕ್ಕೆ ಅಡ್ಜಸ್ಟ್ ಮಾಡಿದರೆ ಲೂಸ್ ಜಾಗದಲ್ಲಿ ಜೋತಾಡುತ್ತದೆ. ಗ್ಯಾರೇಜಿನಲ್ಲಿ ಎಣ್ಣೆ ಹಾಕಿ ಕಳಿಸಿದರು. ಇದು ಚೈನಿನದ್ದಾ, ಸ್ಪ್ರಾಕೆಟ್‌ನದ್ದಾ?

ಇನ್ನೊಂದು. 48 ಹಾಕಿದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದಾ?

ಉಡುಪಿ ಲೇತ್:

ಮೀಟರಿನದ್ದು ಮೊದಲು ಮುಗಿಸುವ. ವೇಗ ಚಕ್ರದಿಂದ ತೆಗೆಯುವ ಬೈಕ್ ಆದರೆ ಏನೂ ಬದಲಾಗುವುದಿಲ್ಲ. ಗೇರ್‌ಬಾಕ್ಸ್‌ನಿಂದ ತೆಗೆಯುವುದಾದರೆ ನಿಜವಾಗಿ 70ರಲ್ಲಿ ಹೋಗುವಾಗ 75 ತೋರಿಸುತ್ತದೆ, ಕಿಲೋಮೀಟರೂ ಹಾಗೇ ಜಾಸ್ತಿ ಓಡುತ್ತದೆ. ನೋಡು, ಇಲ್ಲಿ ಬೈಕ್ ಆಂಟಿಕಿಥೆರಾ ಆಯಿತು. ಬಲದ ಕಡೆ ಮೂರು ಹಲ್ಲು ಸೇರಿಸಿದರೆ ಬೈಕಿಗೆ ಬೇಸರವಿಲ್ಲ, ಎಣಿಕೆಯ ಕಡೆ ಅದೇ ಮೂರು ಹಲ್ಲು ಸುಳ್ಳು ಹೇಳಿಸುತ್ತದೆ.

ಇನ್ನು ಚೈನ್. ಒಂದು ಸೀಮೆಸುಣ್ಣ ಸಾಕು. ಚೈನ್ ಅತಿ ಟೈಟ್ ಇರುವಾಗ ಹಿಂದಿನ ಸ್ಪ್ರಾಕೆಟ್‌ನ ಮೇಲಿನ ಹಲ್ಲಿಗೆ ಒಂದು ಗೆರೆ ಹಾಕು, ಅಲ್ಲೇ ಕೂತ ಲಿಂಕಿಗೂ ಒಂದು ಗೆರೆ. ಆಮೇಲೆ ನಿಧಾನ ತಿರುಗಿಸುತ್ತಾ ಹೋಗು. ಹಲ್ಲಿನ ಗೆರೆ ಮೇಲೆ ಬಂದಾಗಲೆಲ್ಲ, ಅಂದರೆ ಚಕ್ರದ ಪ್ರತಿ ಸುತ್ತಿಗೂ ಟೈಟ್ ಆದರೆ ದೋಷ ಹಿಂದಿನ ಸ್ಪ್ರಾಕೆಟ್‌ನಲ್ಲಿ. ಲಿಂಕಿನ ಗೆರೆ ವಾಪಸ್ ಬಂದಾಗ ಮಾತ್ರ ಟೈಟ್ ಆದರೆ ಚೈನಿನಲ್ಲಿ. 118 ಲಿಂಕಿನ ಚೈನ್ ಆದರೆ ಅದು ಚಕ್ರದ ಎರಡೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿಗೆ ಒಮ್ಮೆ ಬರುತ್ತದೆ. ಹಾಗಾಗಿ ಎರಡನ್ನೂ ಕಲಸಿಕೊಳ್ಳುವ ಪ್ರಶ್ನೆಯೇ ಇಲ್ಲ.

ಸ್ಪ್ರಾಕೆಟ್‌ನಲ್ಲಿ ದೋಷ ಅಂದರೆ ಅದರ ಹಲ್ಲಿನ ವೃತ್ತದ ನಡು ಮತ್ತು ಅದು ತಿರುಗುವ ನಡು ಒಂದೇ ಇಲ್ಲ ಅಂತ. ಅರ್ಧ ಮಿಲಿಮೀಟರ್ ಸಾಕು. ಹಾಗಾದಾಗ ಚೈನ್ ಟೈಟ್, ಲೂಸ್ ಆಗುವುದು ಮಾತ್ರವಲ್ಲ, ಒಂದೇ ಸುತ್ತಿನೊಳಗೆ ಚಕ್ರ ಸ್ವಲ್ಪ ಜೋರಾಗಿ, ಸ್ವಲ್ಪ ನಿಧಾನವಾಗಿ ತಿರುಗುತ್ತದೆ. ನಾವು ಇದನ್ನು ರನ್‌ಔಟ್ ಅಂತ ಬೈದು ಎಸೆಯುತ್ತೇವೆ.

ಗ್ರೀಕರು ಇದನ್ನು ಬೇಕೆಂದೇ ಮಾಡಿದ್ದರು! ಇದಕ್ಕೇ ನನಗೆ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚು. ಚಂದ್ರ ಆಕಾಶದಲ್ಲಿ ಒಂದೇ ವೇಗದಲ್ಲಿ ಹೋಗುವುದಿಲ್ಲ. ಭೂಮಿಗೆ ಹತ್ತಿರ ಇರುವಾಗ ದಿನಕ್ಕೆ 15 ಡಿಗ್ರಿ ಓಡುತ್ತಾನೆ, ದೂರ ಇರುವಾಗ 12ಕ್ಕೆ ಇಳಿಯುತ್ತಾನೆ. ಸಮ ವೇಗದ ಗೇರ್‌ನಿಂದ ಇದನ್ನು ತೋರಿಸುವುದು ಹೇಗೆ? 50 ಹಲ್ಲಿನ ಎರಡು ಚಕ್ರ ಒಂದರ ಮೇಲೊಂದು ಇಟ್ಟಿದ್ದಾರೆ. ಎರಡರ ಶಾಫ್ಟಿನ ನಡುವೆ ಸುಮಾರು 1.1 ಮಿಲಿಮೀಟರ್ ವ್ಯತ್ಯಾಸ. ಒಂದರ ಮೈಮೇಲೆ ಸಣ್ಣ ಪಿನ್, ಇನ್ನೊಂದರಲ್ಲಿ ಸ್ಲಾಟ್. ಪಿನ್ ಸ್ಲಾಟಿನೊಳಗೆ ಹಿಂದೆ ಮುಂದೆ ಜಾರುತ್ತಾ ಮೇಲಿನ ಚಕ್ರವನ್ನು ಎಳೆಯುತ್ತದೆ. ಕೆಳಗಿನದು ಸಮವಾಗಿ ತಿರುಗಿದರೂ ಮೇಲಿನದು ಅರ್ಧ ಸುತ್ತು ಜೋರು, ಅರ್ಧ ಸುತ್ತು ನಿಧಾನ. ಸಾಕ್ಷಾತ್ ಚಂದ್ರನ ನಡಿಗೆ. ಈ ಇಡೀ ಜೋಡಣೆಯನ್ನು 223 ಹಲ್ಲಿನ ದೊಡ್ಡ ಚಕ್ರದ ಬೆನ್ನ ಮೇಲೆ ಕೂರಿಸಿದ್ದಾರೆ, ಅದು ಸುಮಾರು 9 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಯಾಕೆಂದರೆ ಚಂದ್ರ ಹತ್ತಿರ ಬರುವ ಜಾಗವೂ ಆಕಾಶದಲ್ಲಿ ಅಷ್ಟೇ ನಿಧಾನವಾಗಿ ಸರಿಯುತ್ತದೆ. ಗ್ರಹಣಕ್ಕೆ ಬೇಕಾದ ಚಕ್ರವನ್ನೇ ಇದಕ್ಕೂ ದುಡಿಸಿದ್ದಾರೆ. ಒಂದು ಗೇರ್‌ಗೆ ಎರಡು ಸಂಬಳವಿಲ್ಲದ ಕೆಲಸ.

1.1 ಮಿಲಿಮೀಟರ್! ಕೈಯಲ್ಲಿ, ಅರ ಹಿಡಿದು. ನಾನು ವಿಂಚಿನ ಗೇರ್‌ನಲ್ಲಿ ಇಷ್ಟು ಸೆಂಟರ್ ತಪ್ಪಿದರೆ ಬೋಟಿನವರು ಮಲ್ಪೆಯಿಂದಲೇ ಬೈಯುತ್ತಾರೆ.

ಕುಡ್ಲದವರೇ, ನಿಮ್ಮ ಪೈಪಿನ ಅಲೆಗೆ ಗ್ರೀಕರ ಹತ್ತಿರ ಉತ್ತರವಿಲ್ಲ, ಒಪ್ಪಿದೆ. ಅದು ಬೇರೆಯೇ ವಿದ್ಯೆ. ಆದರೆ ಈ ಪಿನ್ನು ಸ್ಲಾಟು ಟ್ಯೂನಿಂಗ್ ಅಲ್ಲ ಅಂತ ಮಾತ್ರ ಹೇಳಬೇಡಿ. ಎಷ್ಟು ಆಫ್‌ಸೆಟ್ ಇಟ್ಟರೆ ಚಂದ್ರನಿಗೆ ಸರಿಹೋಗುತ್ತದೆ ಅಂತ ಯಾರೋ ಕೂತು ಹಿಡಿದದ್ದಲ್ವಾ ಅದು?

ಟೂ ಸ್ಟ್ರೋಕ್ ಕುಡ್ಲ:

ಸರಿ ಸರಿ, ಅದೊಂದು ಕೊಟ್ಟೆ. ಆದರೆ ಅದಕ್ಕೆ ಶಬ್ದ ಇಲ್ಲ. ಶಬ್ದ ಇಲ್ಲದ ಟ್ಯೂನಿಂಗ್ ನನಗೆ ಬೇಡ.

ಬೈಕಂಪಾಡಿ ಹುಡುಗ:

ಸೀಮೆಸುಣ್ಣ ಹಾಕಿ ನೋಡಿದೆ. ಪ್ರತಿ ಸುತ್ತಿಗೂ ಅದೇ ಹಲ್ಲಿನ ಹತ್ತಿರ ಟೈಟ್. ಲಿಂಕಿನ ಗೆರೆ ಎಲ್ಲಿದ್ದರೂ ವ್ಯತ್ಯಾಸ ಇಲ್ಲ. ಅಂದರೆ ಹಿಂದಿನ ಸ್ಪ್ರಾಕೆಟ್ ಹೇಗೂ ಹೋಯಿತು. ಹಾಗಾದರೆ 48ನ್ನೇ ಹಾಕಿಸುತ್ತೇನೆ. ಲೇತ್ ಅಣ್ಣ, ನೀವೇ ಒಂದು ಕಡಿದು ಕೊಡ್ತೀರಾ? ಉಡುಪಿಗೆ ಬರ್ತೇನೆ.

ಉಡುಪಿ ಲೇತ್:

ಬೇಡ ತಮ್ಮ. 48 ಕಡಿಯುವುದು ನನಗೆ ದೊಡ್ಡ ಕೆಲಸವಲ್ಲ, ಆದರೆ ಹಲ್ಲನ್ನು ಸರಿಯಾಗಿ ಹಾರ್ಡನ್ ಮಾಡುವ ಫರ್ನೇಸ್ ನನ್ನಲ್ಲಿ ಇಲ್ಲ. ಅಂಗಡಿಯಲ್ಲಿ ಒಳ್ಳೆ ಕಂಪನಿಯದು ಸಿಗುತ್ತದೆ, ಅದನ್ನೇ ತೆಗೆದುಕೋ. ಹಾಕುವ ಮೊದಲು ಹಬ್ ಮೇಲೆ ಅದು ಕೂರುವ ಜಾಗವನ್ನು ಚೆನ್ನಾಗಿ ಒರೆಸು. ಅಲ್ಲಿ ಮಣ್ಣೋ ತುಕ್ಕೋ ಕೂತಿದ್ದರೆ ಹೊಸದೂ ಹೀಗೇ ಓರೆಯಾಗಿ ತಿರುಗುತ್ತದೆ. ಬೋಲ್ಟನ್ನು ಸುತ್ತಲೂ ಒಂದೇ ಸಲ ಬಿಗಿಯಬೇಡ, ಎದುರು ಬದುರು ಸ್ವಲ್ಪ ಸ್ವಲ್ಪ ಬಿಗಿ.

ಮುಂದಿನದು 15ರದ್ದೇ ಹೊಸದು ಹಾಕು, ಚೈನೂ ಹೊಸದು. ಹಳೆ ಚೈನ್ ಹಾಕಿದರೆ ಹೊಸ ಹಲ್ಲನ್ನು ತಿಂಗಳೊಳಗೆ ತಿಂದು ಹಾಕುತ್ತದೆ. ಮೂರು ಹಲ್ಲು ಜಾಸ್ತಿಯಾದರೆ ಚೈನ್ ಒಂದೂವರೆ ಲಿಂಕ್ ಹೆಚ್ಚು ಕೇಳುತ್ತದೆ. 118ರಲ್ಲೇ ಸುಧಾರಿಸಬೇಕಾದರೆ ಹಿಂದಿನ ಆಕ್ಸಲ್ 12 ಮಿಲಿಮೀಟರ್‌ನಷ್ಟು ಮುಂದೆ ಬರಬೇಕು. ಅಡ್ಜಸ್ಟರಿನಲ್ಲಿ ಅಷ್ಟು ಜಾಗ ಉಂಟಾ ಅಂತ ಈಗಲೇ ಅಳೆದು ನೋಡು. ಇಲ್ಲದಿದ್ದರೆ 120 ಲಿಂಕಿನದ್ದು ಕೇಳು.